ಪಟ್ಟಿ ಇಳಿಸಿರಿ, ಟೇಪ್ ಹಚ್ಚಬೇಡಿರಿ

ಇಯಾನ್ ಗಿಲ್ಲನ್ ‘ಚೈಲ್ಡ್ ಇನ್ ಟೈಮ್’ ಹಾಡುವುದನ್ನು ಬಿಟ್ಟು ಇಪ್ಪತ್ತು ವರ್ಷ ದಾಟಿತು. ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ತಂಡದ ಹಾಡುಗಾರ ಈತ. 1970ರಲ್ಲಿ ಬಂದ ಆ ಹಾಡಿನ ನಡುವೆ, ಇಪ್ಪತ್ತನಾಲ್ಕರ ಹರೆಯದಲ್ಲಿ ಆತ ಎಳೆದ ಕೂಗು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಜನ ಟಿಕೆಟ್ ತೆಗೆಸುತ್ತಿದ್ದದ್ದೇ ಅದೊಂದಕ್ಕೆ ಅಂದರೂ ನಡೆದೀತು. ಆ ಎತ್ತರ ಇನ್ನು ಗಂಟಲಿಗೆ ನಿಲುಕುವುದಿಲ್ಲ ಎಂದು ಗೊತ್ತಾದಾಗ ಗಿಲ್ಲನ್ ಯಾವ ಆಟವನ್ನೂ ಹೂಡಲಿಲ್ಲ. ಹಾಡನ್ನೇ ಕಾರ್ಯಕ್ರಮದಿಂದ ತೆಗೆದುಹಾಕಿದರು. ಎಷ್ಟೋ ಅಭಿಮಾನಿಗಳು ಇದನ್ನು ಸೋಲಿನ ಲೆಕ್ಕಕ್ಕೆ ಹಾಕುತ್ತಾರೆ. ನನಗೆ ಆತನ ಮೇಲೆ ಮರ್ಯಾದೆ ಹೆಚ್ಚಿದ್ದು ಇದರಿಂದಲೇ.

ಹಾರ್ಡ್ ರಾಕ್ ಕಟ್ಟಿದ ತಲೆಮಾರು ಈಗ ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿದೆ. ಒಬ್ಬರು ‘ಕೊನೆಯ ಪ್ರವಾಸ’ ಎನ್ನುತ್ತಾರೆ, ಇನ್ನೊಬ್ಬರು ಜಗಳ ಮರೆತು ಮತ್ತೆ ಒಂದಾದೆವು ಎನ್ನುತ್ತಾರೆ, ಮತ್ತೊಬ್ಬರು ಸದ್ದಿಲ್ಲದೆ ಹೊಸ ಆಲ್ಬಮ್ ತರುತ್ತಾರೆ. ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸಬಾರದೇ ಎಂದು ಹೇಳುವವರು ಒಂದು ಕಡೆ, ಏನು ಮಾಡಿದರೂ ಅಡ್ಡಬಿದ್ದು ದುಡ್ಡು ಕೊಡುವವರು ಇನ್ನೊಂದು ಕಡೆ. ನಿಪ್ಪಾಣಿಯಲ್ಲಿ ಮೈಕ್‌ಸೆಟ್ ಬಾಡಿಗೆ ಕೊಡುವ, ಕೆಟ್ಟ ಆಂಪ್ಲಿಫೈಯರ್ ರಿಪೇರಿ ಮಾಡುವ ನನಗೆ ಈ ಉಸಾಬರಿ ಯಾಕೆ ಅಂದರೆ, ಹಾಡುವವರ ಗಂಟಲನ್ನು ತಂತಿಯ ಈ ತುದಿಯಿಂದ ನೋಡುತ್ತ ಬಂದವನು ನಾನು. ಯಡೂರಿನ ಜಾತ್ರೆಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ, ಅಥಣಿ ಕಡೆಯ ಪುರಾಣ ಪ್ರವಚನಕ್ಕೆ, ಚಿಕ್ಕೋಡಿಯ ಗಣಪತಿಗೆ ನಮ್ಮ ಪೆಟ್ಟಿಗೆಗಳು ಹೋಗುತ್ತವೆ. ಮುದಿ ದನಿ ಎಂದರೆ ಏನು, ಅದರಿಂದ ಎಷ್ಟು ಕೆಲಸ ತೆಗೆಯಬಹುದು, ಎಲ್ಲಿ ಅದು ಸುಳ್ಳು ಹೇಳಲಿಕ್ಕೆ ಸುರುಮಾಡುತ್ತದೆ, ಇವು ನನಗೆ ಪುಸ್ತಕ ಓದಿ ಬಂದ ವಿಷಯಗಳಲ್ಲ.

ರಾಕ್ ನಮ್ಮ ಅಂಗಡಿಗೆ ಬಂದದ್ದು ಕ್ಯಾಸೆಟ್ಟಿನಲ್ಲಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ತಂಬಾಕು ವ್ಯಾಪಾರಿಯೊಬ್ಬರ ಮಗ ಕೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗ ತನ್ನ ಡೆಕ್ ರಿಪೇರಿಗೆ ತಂದವನು ಒಳಗಿದ್ದ ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಹೋದ. ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’. ಡೆಕ್ ಸುಧಾರಿಸಿದ ಮೇಲೆ ಪರೀಕ್ಷೆಗೆಂದು ಹಚ್ಚಿದೆ. ಹಿಂದಿನ ಕೋಣೆಯಲ್ಲಿ ಸೋಲ್ಡರಿಂಗ್ ಮಾಡುತ್ತಿದ್ದ ಅಪ್ಪ ಎದ್ದು ಬಂದವರೇ ಸ್ಪೀಕರಿಗೆ ಕಿವಿ ಹಚ್ಚಿ ನಿಂತರು. “ಕೋನ್ ಹರದೈತಿ, ಬಂದ್ ಮಾಡು ಮೊದಲ” ಅಂದರು. ಗಿಟಾರಿನ ದನಿಯನ್ನು ಬೇಕೆಂದೇ ಹಾಗೆ ಸೀಳಿದ್ದಾರೆ ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಜಾನ್ ಲಾರ್ಡ್ ಎಂಬಾತ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಬಾರಿಸುತ್ತಾನೆ ಎಂದು ಮುಂದೆ ಎಲ್ಲೋ ಓದಿ ಹೇಳಿದಾಗ ಮಾತ್ರ ಅಪ್ಪನಿಗೆ ಕುತೂಹಲ ಹುಟ್ಟಿತು. ಹಾಡಿನ ಮೇಲಲ್ಲ, ವೈರಿಂಗ್ ಮೇಲೆ.

ಡೀಪ್ ಪರ್ಪಲ್ ಒಡೆದು, ಕೂಡಿ, ಮತ್ತೆ ಒಡೆದ ತಂಡ. ಎಪ್ಪತ್ತರ ದಶಕದ ನಡುವಿನಲ್ಲಿ ಮುರಿದುಬಿದ್ದ ಮೇಲೆ, ಹಳೆಯ ಐವರು 1984ರಲ್ಲಿ ಒಂದಾಗಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಮಾಡಿದರು. ಪುನರ್ಮಿಲನ ಎಂದರೆ ಹೀಗಿರಬೇಕು ಎಂದು ನಾನು ಯಾರಿಗಾದರೂ ತೋರಿಸುವುದು ಈ ಆಲ್ಬಮ್ಮನ್ನೇ. ಹಳೆಯ ಹಾಡುಗಳನ್ನು ಗಂಟುಕಟ್ಟಿಕೊಂಡು ಊರೂರು ಸುತ್ತುವ ಬದಲು ಒಂದು ಕೋಣೆಯಲ್ಲಿ ಕೂತು ಜಗಳವಾಡುತ್ತ ಹೊಸದನ್ನು ಕಟ್ಟಿದರು. ಜಗಳ ನಿಲ್ಲಲಿಲ್ಲ, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ 1993ರಲ್ಲಿ ಪ್ರವಾಸದ ನಡುವೆಯೇ ಕೈಬಿಟ್ಟು ಹೋದರು. ಹೋಗಲಿ. ತಂಡ ಉಳಿಯಿತು. 2012ರಲ್ಲಿ ಜಾನ್ ಲಾರ್ಡ್ ತೀರಿಕೊಂಡರು. ಆಮೇಲೂ ತಂಡ ಮೇಲಿಂದ ಮೇಲೆ ಆಲ್ಬಮ್ ಮಾಡುತ್ತಲೇ ಇದೆ. 2024ರ ಜುಲೈನಲ್ಲಿ ‘ಈಕ್ವಲ್ಸ್ ಒನ್’ ಬಂದಾಗ ಗಿಲ್ಲನ್‌ಗೆ ಎಪ್ಪತ್ತೆಂಟು. ಅದರಲ್ಲಿ ಆತ ಕೂಗುವುದಿಲ್ಲ. ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳುವವರ ಹಾಗೆ, ನಡುಸುರದಲ್ಲಿ, ತುಸು ತಮಾಷೆಯಾಗಿ ಹಾಡುತ್ತಾರೆ. ಸೈಮನ್ ಮೆಕ್‌ಬ್ರೈಡ್ ಎಂಬ ಹೊಸ ಗಿಟಾರಿನವ ಬಂದು ತಂಡಕ್ಕೆ ಚುರುಕು ಮುಟ್ಟಿಸಿದ್ದಾನೆ. ಮೊದಲ ದಿನದಿಂದ ಇರುವವರು ಡ್ರಮ್ಮಿನ ಇಯಾನ್ ಪೇಸ್ ಒಬ್ಬರೇ, ಆ ಕೈ ಇನ್ನೂ ಸಡಿಲಾಗಿಲ್ಲ. ‘ಮಷೀನ್ ಹೆಡ್’ಗೆ ಇದು ಸಮವೇ ಎಂದು ಕೇಳಬೇಡಿ. ಸಮ ಇಲ್ಲ. ಆದರೆ ಎಪ್ಪತ್ತೆಂಟರ ಮನುಷ್ಯನ ಆಲ್ಬಮ್ ಎಪ್ಪತ್ತೆಂಟರ ಮನುಷ್ಯನದೇ ಆಗಿದೆ.

ವಯಸ್ಸಿಗೆ ತಕ್ಕ ಹಾಗೆ ಹಾಡುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಶೇಡಬಾಳದ ಕಡೆ ಒಬ್ಬ ಭಜನಿ ಹಿರಿಯರಿದ್ದರು. ಹರೆಯದಲ್ಲಿ ಅವರ ದನಿಗೆ ನಾವು ಭೋಂಗಾ ಕಟ್ಟುವುದೇ ಬೇಡ ಅನ್ನುವ ಹಾಗಿತ್ತಂತೆ. ನಾನು ಅವರಿಗೆ ಮೈಕ್ ಹಚ್ಚುವ ಕಾಲಕ್ಕೆ ಹಲ್ಲು ಸಡಿಲಾಗಿದ್ದವು. ಏಕತಾರಿ ಕೈಗೆತ್ತಿಕೊಂಡು, ಒಮ್ಮೆ ಸುಮ್ಮನೆ ಗುನುಗಿ ನೋಡಿ, “ಪೇಟಿ ಮಾಸ್ತರ, ಇನ್ನೊಂದ ಪಟ್ಟಿ ಇಳಸ್ರಿ” ಎನ್ನುವರು. ಪಟ್ಟಿ ಎಂದರೆ ಬೆಂಗಳೂರು ಮೈಸೂರಿನವರ ಶ್ರುತಿ. ಮಾಸ್ತರರು ಹಾರ್ಮೋನಿಯಮ್ಮಿನ ಮೇಲೆ ಬೆರಳು ಎಡಕ್ಕೆ ಸರಿಸುವರು. ಎದುರಿಗೆ ಕೂತ ಊರ ಜನ ಯಾರೂ ನಗುತ್ತಿರಲಿಲ್ಲ, ದುಡ್ಡು ವಾಪಸು ಕೊಡಿ ಎನ್ನುತ್ತಿರಲಿಲ್ಲ. ಇಳಿದ ಪಟ್ಟಿಯಲ್ಲಿ ಅದೇ ತತ್ವಪದ ಬೇರೆ ಥರ ಕೇಳುತ್ತಿತ್ತು. ಕೆಲವು ಪದ ಮೊದಲಿಗಿಂತ ಚೆನ್ನಾಗಿಯೂ ಕೇಳುತ್ತಿದ್ದವು. ಸಾವಿನ ಮೇಲಿನ ಪದವನ್ನು ಇಪ್ಪತ್ತರ ಹುಡುಗ ಏರುದನಿಯಲ್ಲಿ ಹಾಡಿದರೆ ಏನು ಬಂತು?

ದೊಡ್ಡವರ ಉದಾಹರಣೆ ಬೇಕಾದರೆ ಗಂಗೂಬಾಯಿ ಹಾನಗಲ್. 1930ರ ದಶಕದಲ್ಲಿ ‘ಗಾಂಧಾರಿ ಹುಬಳೀಕರ್’ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ. ತೆಳ್ಳಗಿನ, ಎತ್ತರದ ಹೆಣ್ಣು ದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಒಡೆದು ದಪ್ಪವಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಆ ದಪ್ಪ ದನಿಗೇ ಗಾಯನವನ್ನು ಹೊಂದಿಸಿದರು, ಕಿರಾನಾ ಘರಾಣೆಯ ವಿಳಂಬವನ್ನು ಅದರ ಮೇಲೆ ಕಟ್ಟಿದರು, 2006ರ ತನಕ ವೇದಿಕೆಯಲ್ಲಿ ಹಾಡಿದರು. ನಾವು ಇವತ್ತು ಗಂಗೂಬಾಯಿ ಎಂದು ನೆನೆಯುವುದು ಆ ಎರಡನೆಯ ದನಿಯನ್ನು.

ಹೆವಿ ಮೆಟಲ್ ಎಂಬ ಸಂಗೀತದ ಬುಡದಲ್ಲೂ ಇಂಥದೇ ಒಂದು ಗಾಯವಿದೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳರ ಹುಡುಗ ಟೋನಿ ಅಯೋಮಿ ಕೆಲಸಕ್ಕಿದ್ದ. ಗಿಟಾರ್ ನುಡಿಸುವುದೇ ಬದುಕು ಎಂದು ಕೆಲಸ ಬಿಟ್ಟಿದ್ದ. ಅದೇ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳಿನ ತುದಿ ಹೋದವು. ಎಡಗೈ ವಾದಕನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಕಾರ್ಖಾನೆಯ ಮೇಲ್ವಿಚಾರಕ ಅವನಿಗೊಂದು ರೆಕಾರ್ಡ್ ತಂದು ಕೇಳಿಸಿದ; ಬೆಂಕಿ ಅನಾಹುತದಲ್ಲಿ ಎರಡು ಬೆರಳಿನ ಸ್ವಾಧೀನ ಕಳೆದುಕೊಂಡೂ ಗಿಟಾರ್ ನುಡಿಸಿದ ಜಾಂಗೋ ರೈನ್‌ಹಾರ್ಟ್‌ನದು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಹಳೆಯ ಜಾಕೆಟ್ಟಿನ ಚರ್ಮದ ತುಂಡು ಅಂಟಿಸಿದ. ತಂತಿಯ ಬಿಗಿ ತಾಳಲಾರದೆ ಮುಂದೆ ಗಿಟಾರಿನ ಸುರವನ್ನೇ ಕೆಳಗಿಳಿಸಿದ. ಸಡಿಲ ತಂತಿಯ ಆ ದಪ್ಪ, ಕೆಳಗಿನ ದನಿಯೇ ಅವನ ತಂಡ ಬ್ಲ್ಯಾಕ್ ಸಬಾತ್‌ನ ಗುರುತು. ಜಗತ್ತಿನ ಮೆಟಲ್ ತಂಡಗಳೆಲ್ಲ ಇವತ್ತು ಯಾವ ದನಿಗೆ ಜೋತುಬಿದ್ದಿವೆಯೋ ಅದು ಪೆಟ್ಟಾದ ಕೈಗೆ ಅನುಕೂಲವಾಗಲೆಂದು ಪಟ್ಟಿ ಇಳಿಸಿದ್ದರಿಂದ ಬಂದದ್ದು.

ಅಥಣಿಯಲ್ಲಿ ನನ್ನ ಗೆಳೆಯರೊಬ್ಬರು ಕೊಲ್ಲಾಪುರಿ ಚಪ್ಪಲಿ ಮಾಡುತ್ತಾರೆ. (ಹೆಸರು ಕೊಲ್ಲಾಪುರದ್ದು, 2019ರ ಭೌಗೋಳಿಕ ಗುರುತು ಮಾತ್ರ ನಮ್ಮ ಬೆಳಗಾವಿಯೂ ಸೇರಿ ಎರಡು ರಾಜ್ಯದ ಎಂಟು ಜಿಲ್ಲೆಗಳಿಗೆ, ಇದು ಇನ್ನೊಂದು ದಿನದ ಜಗಳ.) ಅವರಿಗೆ ಅಯೋಮಿಯ ಬೆರಳಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಹಾಡು ಕೇಳುವ ಗೊಡವೆಗೇ ಹೋಗಲಿಲ್ಲ. ರಂಪಿಗೆ ಕೆಳಗಿಟ್ಟು, ಫೋಟೋ ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿ, “ಚರ್ಮ ಭಾಳ ತೆಳ್ಳಗ ಕೊರದಾನ. ದಪ್ಪ ಇದ್ದರ ತಂತಿ ಗೊತ್ತಾಗೂದಿಲ್ಲ ಬೆರಳಿಗೆ” ಅಂದರು. ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಒಳ್ಳೆಯ ಮಾತು ಇರಲಿಲ್ಲ.

ಬ್ಲ್ಯಾಕ್ ಸಬಾತ್ 2013ರಲ್ಲಿ ‘13’ ಎಂಬ ಆಲ್ಬಮ್ ಮಾಡಿತು. ಮೂಲದ ನಾಲ್ವರಲ್ಲಿ ಹಾಡುಗಾರ ಆಝಿ ಆಸ್‌ಬರ್ನ್, ಅಯೋಮಿ, ಬೇಸಿನ ಗೀಝರ್ ಬಟ್ಲರ್ ಮೂವರೂ ಇದ್ದರು. ಡ್ರಮ್ಮಿನ ಬಿಲ್ ವಾರ್ಡ್ ಕರಾರಿನ ತಕರಾರಿನಿಂದ ಹೊರಗುಳಿದರು. ಬೇರೊಂದು ತಂಡದ ಬ್ರಾಡ್ ವಿಲ್ಕ್ ಬಂದು ಬಾರಿಸಿದರು, ಅಚ್ಚುಕಟ್ಟಾಗಿಯೇ ಬಾರಿಸಿದರು. ಆಲ್ಬಮ್ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಆದರೂ ನನಗದು ಪೂರ್ತಿ ಸಬಾತ್ ಅನ್ನಿಸಲೇ ಇಲ್ಲ. ವಾರ್ಡ್ ಜಾಝ್ ಕೇಳಿ ಬೆಳೆದ ಕೈ. ತಾಳದ ಮೇಲೆ ನೇರ ಬೀಳುವುದಿಲ್ಲ, ತುಸು ಓಲಾಡಿ ಬೀಳುತ್ತದೆ. ಹಲಗಿ ಬಾರಿಸುವವರನ್ನು ಕೇಳಿ ಬೆಳೆದ ನಮಗೆ ಆ ಓಲಾಟ ಬೇಗ ಸಿಗುತ್ತದೆ, ಅದು ಇಲ್ಲದ್ದೂ ಬೇಗ ಗೊತ್ತಾಗುತ್ತದೆ. ಪುನರ್ಮಿಲನದ ಸುದ್ದಿ ಬಂದಾಗ ಎಲ್ಲರೂ ಹಾಡುಗಾರ ಯಾರು, ಗಿಟಾರ್ ಯಾರು ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಡ್ರಮ್ ಯಾರದು ಎಂದು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಆ ನಾಲ್ವರೂ ಇಪ್ಪತ್ತು ವರ್ಷದ ನಂತರ ಒಂದೇ ವೇದಿಕೆಗೆ ಬಂದರು. ಆಝಿ ಬೆಳೆದ ಆಸ್ಟನ್ ಕೇರಿಯ ಮೈದಾನವದು. ಪಾರ್ಕಿನ್‌ಸನ್ಸ್ ಕಾಯಿಲೆಯಿಂದ ನಿಲ್ಲಲಾಗದ ಮನುಷ್ಯ ಕರಿಯ ಸಿಂಹಾಸನದ ಮೇಲೆ ಕೂತೇ ಹಾಡಿದರು. ನಾನು ಅಂಗಡಿಯ ಕದ ಎಳೆದುಕೊಂಡು ಮೊಬೈಲಿನಿಂದ ಸ್ಪೀಕರಿಗೆ ವೈರು ಕೊಟ್ಟು ಕೇಳಿದೆ. ಸುರ ಅಲ್ಲಲ್ಲಿ ಜಾರಿತು. ಎಪ್ಪತ್ತೇಳರ ಬಿಲ್ ವಾರ್ಡ್ ಅಂಗಿ ಕಳಚಿ ಕೂತು ಬಾರಿಸಿದರು, ಕೆಲವು ಕಡೆ ಹಿಂದೆ ಬಿದ್ದರು. ಸಬಾತ್ ಬಾರಿಸಿದ್ದು ನಾಲ್ಕೇ ಹಾಡು. ತಪ್ಪುಗಳು ಎದ್ದು ಕೇಳುತ್ತಿದ್ದವು, ಆ ತಪ್ಪುಗಳಿಂದಲೇ ಗೊತ್ತಾಗುತ್ತಿತ್ತು ಅಲ್ಲಿ ಹಾಡುತ್ತಿರುವವರು ಅವರೇ ಎಂದು. ಬಂದ ದುಡ್ಡು ಪಾರ್ಕಿನ್‌ಸನ್ಸ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ ಹೋಯಿತು. ಹದಿನೇಳು ದಿನಕ್ಕೆ, ಜುಲೈ 22ರಂದು, ಆಝಿ ತೀರಿಕೊಂಡರು.

ಇನ್ನು ಕಿಸ್. ಮುಖಕ್ಕೆ ಬಣ್ಣ ಬಳಿದು ಬೆಂಕಿ ಉಗುಳುವ ಅಮೆರಿಕದ ತಂಡ. ಇವರು 2000ದಲ್ಲೇ ವಿದಾಯದ ಪ್ರವಾಸ ಹೊರಟವರು. ಆಮೇಲೆ ಮತ್ತೆ ವಿದಾಯ, 2023ರ ಡಿಸೆಂಬರ್ 2ಕ್ಕೆ ನ್ಯೂಯಾರ್ಕಿನಲ್ಲಿ ಕೊನೆಯ ಕೊನೆಯ ಆಟ. ಅದು ಮುಗಿದ ಕೂಡಲೇ ಪರದೆಯ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ತಮ್ಮ ಗೊಂಬೆ ರೂಪಗಳನ್ನು ತೋರಿಸಿ, ಇನ್ನು ಮುಂದೆ ಇವೇ ಕಿಸ್ ಎಂದರು. ಮುದಿತನವನ್ನೇ ತೆಗೆದುಹಾಕಿದ ಮೇಲೆ ಅದರಲ್ಲಿ ನನಗೆ ಕೇಳಲಿಕ್ಕೆ ಏನಿದೆ? 1996ರಲ್ಲಿ ಮೂಲದ ನಾಲ್ವರು ಒಂದಾದಾಗಲೂ ಹೀಗೇ ಆಗಿತ್ತು. 1998ರ ‘ಸೈಕೋ ಸರ್ಕಸ್’ ಆಲ್ಬಮ್ಮಿನ ಹೊದಿಕೆಯ ಮೇಲೆ ನಾಲ್ಕು ಮುಖ, ಒಳಗೆ ಗಿಟಾರಿನ ಏಸ್ ಫ್ರೇಲಿ ಮತ್ತು ಡ್ರಮ್ಮಿನ ಪೀಟರ್ ಕ್ರಿಸ್ ಬಾರಿಸಿದ್ದು ಲೆಕ್ಕಕ್ಕೆ ಸಿಗುವಷ್ಟು ಮಾತ್ರ. ಏಸ್ 2025ರ ಅಕ್ಟೋಬರಿನಲ್ಲಿ ಹೋದರು. ಒಳ್ಳೆಯ ಕೈ. ಆ ಕೈ ಇರುವಾಗ ಬಳಸಿಕೊಳ್ಳಲಿಲ್ಲ.

ಏಸಿ/ಡಿಸಿ ವಿಷಯಕ್ಕೆ ಬಂದರೆ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ನನಗೆ ಇವರಿಗಿಂತ ದೊಡ್ಡ ತಂಡ ಇಲ್ಲ. ಇದು ಮನೆತನದ ಕಸುಬು. ಅಣ್ಣ ಮಾಲ್ಕಮ್ ಯಂಗ್ ತಾಳ ಹಿಡಿದ ಗಿಟಾರ್, ತಮ್ಮ ಆಂಗಸ್ ಶಾಲೆ ಹುಡುಗನ ಚಡ್ಡಿ ತೊಟ್ಟು ಕುಣಿಯುತ್ತ ಮುಂದಿನ ಗಿಟಾರ್. ಮರೆವಿನ ಕಾಯಿಲೆಯಿಂದ ಮಾಲ್ಕಮ್ 2014ರಲ್ಲಿ ತಂಡ ಬಿಟ್ಟರು, 2017ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದದ್ದು ಮನೆಯದೇ ಹುಡುಗ, ಅಣ್ಣನ ಮಗ ಸ್ಟೀವಿ ಯಂಗ್. ಹುಡುಗ ಅಂದೆ, ಅವರಿಗೂ ಆಗಲೇ ಐವತ್ತು ದಾಟಿತ್ತು. ಹಾಡುಗಾರ ಬ್ರಯಾನ್ ಜಾನ್ಸನ್‌ಗೆ 2016ರಲ್ಲಿ ವೈದ್ಯರು, ಪ್ರವಾಸ ನಿಲ್ಲಿಸದಿದ್ದರೆ ಪೂರ್ತಿ ಕಿವುಡಾಗಬಹುದು ಎಂದು ಹೇಳಿದರು. ಕಿವಿಗೆ ಹೊಸ ಥರದ ಉಪಕರಣ ಬಂದ ಮೇಲೆ ಅವರೂ ಮರಳಿದರು. 2020ರ ನವೆಂಬರ್ 13ಕ್ಕೆ ‘ಪವರ್ ಅಪ್’ ಬಂತು. ಅಣ್ಣತಮ್ಮಂದಿರು ಹಿಂದೆ ಕೂಡಿ ಕಟ್ಟಿಟ್ಟಿದ್ದ ತುಣುಕುಗಳನ್ನೇ ಆಂಗಸ್ ಹಾಡಾಗಿಸಿದ್ದು. ಹಾಡುಗಳ ಕೆಳಗೆ ಇಬ್ಬರದೂ ಹೆಸರಿದೆ. ಹೊಸತನ ಏನೂ ಇಲ್ಲ ಎಂದು ಪೇಟೆಯ ವಿಮರ್ಶಕರು ಮೂಗು ಮುರಿದರು. ಹೊಸತನವನ್ನು ಇವರಲ್ಲಿ ಹುಡುಕುವವರಿಗೆ ಬೇರೆ ಕೆಲಸ ಇಲ್ಲ. ನಾನು ಕೇಳಿದ್ದು ಎರಡು ಗಿಟಾರಿನ ನಡುವೆ ಬಿಟ್ಟ ಖಾಲಿ ಜಾಗ; ಅದು ಹಾಗೇ ಇದೆ. ಪೆಟ್ಟು ಬೀಳಬಾರದ ಕಡೆ ಬೀಳದೆ ನಿಲ್ಲುವುದೇ ಈ ತಂಡದ ದೊಡ್ಡ ವಿದ್ಯೆ, ಫಿಲ್ ರಡ್ ಆ ಆಲ್ಬಮ್ಮಿನ ಡ್ರಮ್ಮಿನಲ್ಲಿ ಅದನ್ನು ಚಾಚೂ ತಪ್ಪದೆ ಮಾಡಿದ್ದಾರೆ. 2024ರ ಪ್ರವಾಸದಲ್ಲಿ ರಡ್ ಇರಲಿಲ್ಲ. ಅಷ್ಟು ಮಟ್ಟಿಗೆ ನನಗೆ ಬೇಸರವೇ.

ಬ್ರಯಾನ್ ಜಾನ್ಸನ್ ಕಿವಿಯ ಸುದ್ದಿ ಓದಿದಾಗ ನಮ್ಮ ಓಣಿಯ ಹುಡುಗರು ನೆನಪಾದರು. ಇಲ್ಲಿ ಗೋಡೆ ಎತ್ತರ ಸ್ಪೀಕರ್ ಜೋಡಿಸಿ ಟ್ರ್ಯಾಕ್ಟರಿನ ಮೇಲೆ ಮೆರೆಸುವುದಕ್ಕೆ ಡಾಲ್ಬಿ ಎನ್ನುತ್ತಾರೆ. ಗಣಪತಿ ಕಳಿಸುವ ದಿನ ಅದರ ಮುಂದೆ ಮೂರು ತಾಸು ನಿಂತು ಬಂದ ಹುಡುಗನಿಗೆ ಮರುದಿನ ಫೋನಿನ ಗಂಟೆ ಕೇಳುವುದಿಲ್ಲ. ನನ್ನ ಅಂಗಡಿಯಿಂದ ಡಾಲ್ಬಿ ಹೋಗುವುದಿಲ್ಲ, ಅದಕ್ಕೇ ನನ್ನ ಧಂದೆ ಇಷ್ಟೇ ಇದೆ. ಹಾರ್ಡ್ ರಾಕ್ ಕೇಳುವವನು ಗದ್ದಲದ ವಿರುದ್ಧ ಮಾತಾಡುವುದು ನಗೆಪಾಟಲಾಗಿ ಕಂಡೀತು. ಕಾಣಲಿ.

ಹುಡುಗರು ಕೇಳುವ ಇನ್ನೊಂದು ಮಾತಿದೆ. “ಕಾಕಾ, ಜನ ಬರೂದ ಹಳೇ ಹಾಡಿಗಿ. ಹೊಸಾದು ಯಾವನಿಗಿ ಬೇಕಾಗೇತಿ?” ಉತ್ತರಕ್ಕೆ ನಾನು 2007ರ ಮಾರ್ಚ್ 17ಕ್ಕೆ ಹೋಗುತ್ತೇನೆ. ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿತ್ತು. ನಾವು ಮೂರು ಮಂದಿ ರಾಯಬಾಗದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಈಶಾನ್ಯದಿಂದ, ಕೇರಳದಿಂದ, ಎಲ್ಲೆಲ್ಲಿಂದಲೋ ಕರಿಯ ಅಂಗಿ ತೊಟ್ಟ ಹುಡುಗರು ಬಂದು ಸೇರಿದ್ದರು. ಆ ಜನಕ್ಕೆ ಬೇಕಾದದ್ದು ಎಂಬತ್ತರ ದಶಕದ ಹಾಡುಗಳೇ. ಮೇಡನ್ ಮಾತ್ರ ಹಿಂದಿನ ವರ್ಷ ಬಂದಿದ್ದ ಆಲ್ಬಮ್ಮಿನ ಉದ್ದುದ್ದ ಹಾಡುಗಳನ್ನು ಮುಲಾಜಿಲ್ಲದೆ ಬಾರಿಸಿತು. ಸುತ್ತಲಿನ ಕೆಲವರು ಆ ಹೊತ್ತಿಗೆ ನೀರು ಕುಡಿಯಲು ಹೋದರು. ಹೋಗಲಿ ಬಿಡಿ. ಈ ಹಟ ಇದ್ದುದರಿಂದಲೇ ಆ ತಂಡ ಐವತ್ತು ವರ್ಷ ಬಾಳಿತು. ಅದರ ಡ್ರಮ್ಮಿನ ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಕೆಲವೇ ತಿಂಗಳಲ್ಲಿ ಮತ್ತೆ ಬಂದು ಕೂತರು, ಕೈಗೆ ಬಾರದ ಜಾಗಗಳಲ್ಲಿ ಪೆಟ್ಟುಗಳನ್ನು ಸರಳ ಮಾಡಿಕೊಂಡರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೊನೆಯ ಸಲ ಬಾರಿಸಿ ಪ್ರವಾಸದಿಂದ ಇಳಿದರು. ಇದಕ್ಕೆ ನಾನು ಮರ್ಯಾದೆಯ ನಿವೃತ್ತಿ ಎನ್ನುತ್ತೇನೆ.

ಗನ್ಸ್ ಎನ್ ರೋಸ್ ವಿಷಯದಲ್ಲಿ ನನ್ನ ತಕರಾರು ಬೇರೆ. 2012ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ, 1987ರ ಮೊದಲ ಆಲ್ಬಮ್ ಬಾರಿಸಿದ ಐವರಲ್ಲಿ ಇದ್ದದ್ದು ಹಾಡುಗಾರ ಆಕ್ಸಲ್ ರೋಸ್ ಒಬ್ಬರೇ. 2016ರಲ್ಲಿ ಗಿಟಾರಿನ ಸ್ಲ್ಯಾಶ್, ಬೇಸಿನ ಡಫ್ ಮರಳಿದರು. 2025ರ ಮೇ 17ರಂದು ಮುಂಬೈಗೆ ಬಂದಾಗ ಆ ಐವರಲ್ಲಿ ಮೂವರಿದ್ದರು. ಒಬ್ಬರಿಗಿಂತ ಮೂವರು ವಾಸಿ, ಒಪ್ಪಿದೆ. ಸ್ಲ್ಯಾಶ್ ಕೈ ಇವತ್ತಿಗೂ ಬೆಣ್ಣೆಯಂತಿದೆ. ಆದರೆ ಒಂದಾದ ಮೇಲೆ 2023ರ ತನಕ ಬಂದದ್ದು ನಾಲ್ಕು ಬಿಡಿ ಹಾಡು. ಅವೂ 2008ರ ‘ಚೈನೀಸ್ ಡೆಮಾಕ್ರಸಿ’ ಕಾಲದ ಕರಡುಗಳನ್ನು ಎಬ್ಬಿಸಿ, ಸ್ಲ್ಯಾಶ್ ಮತ್ತು ಡಫ್ ಕೈಯಿಂದ ಮೇಲೊಂದು ಪದರ ಹೊದಿಸಿದವು. ಮೈದಾನ ತುಂಬಿಸುವಷ್ಟು ಹೊತ್ತು ಒಟ್ಟಿಗೆ ಇರುವವರಿಗೆ ಒಂದು ಕೋಣೆಯಲ್ಲಿ ಕೂತು ಹೊಸ ಆಲ್ಬಮ್ ಕಟ್ಟಲು ಪುರಸೊತ್ತಿಲ್ಲವೇ? ಹೋಲಿಸಿದರೆ ನಮ್ಮ ಮುಂಬೈಯ ಇಂಡಸ್ ಕ್ರೀಡ್ ವಾಸಿ. 1984ರಲ್ಲಿ ರಾಕ್ ಮಷೀನ್ ಎಂದು ಸುರುವಾಗಿ, ಹೆಸರು ಬದಲಿಸಿ, 1997ರಲ್ಲಿ ಒಡೆದ ತಂಡ 2010ರಲ್ಲಿ ಕೂಡಿತು. ಎರಡು ವರ್ಷಕ್ಕೆ ‘ಇವಾಲ್ವ್’ ಎಂಬ ಹೊಚ್ಚಹೊಸ ಆಲ್ಬಮ್ ಕೈಗಿಟ್ಟಿತು. ಬೆಂಗಳೂರಿನ ಕ್ರಿಪ್ಟೋಸ್ ಅಂತೂ 1998ರಿಂದ ಬಿಡದೆ ನಡೆದಿದೆ, ಜರ್ಮನಿಯ ವಾಕನ್ ಉತ್ಸವದ ತನಕ ಹೋಗಿ ಬಂದಿದೆ. ನಮ್ಮ ರಾಜ್ಯದ ಮೆಟಲ್ ಹುಡುಗರೇ ಈಗ ಹಿರಿಯರಾಗುತ್ತಿದ್ದಾರೆ. ಇದನ್ನು ಯಾವ ಕನ್ನಡ ಪತ್ರಿಕೆಯೂ ಎದ್ದು ಕಾಣುವ ಹಾಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದೇ ರಾತ್ರಿಗೆ ನಿಲ್ಲಿಸಿದವರೂ ಇದ್ದಾರೆ. ಲೆಡ್ ಝೆಪ್ಪೆಲಿನ್ 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಒಂದೇ ರಾತ್ರಿ ಬಾರಿಸಿತು. ತೀರಿಹೋದ ಡ್ರಮ್ಮರ್ ಜಾನ್ ಬಾನಮ್ ಜಾಗದಲ್ಲಿ ಅವರ ಮಗ ಜೇಸನ್ ಕೂತರು. ಮುಂದೆ ಪ್ರವಾಸ ಹೋಗೋಣ ಎಂದು ಎಷ್ಟೇ ದುಂಬಾಲು ಬಿದ್ದರೂ ಹಾಡುಗಾರ ರಾಬರ್ಟ್ ಪ್ಲಾಂಟ್ ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು.

ಟೇಪಿನ ಮಾತು ಬಾಕಿ ಇದೆ. ದೊಡ್ಡ ತಂಡಗಳ ವೇದಿಕೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಕೂತು ಬಹಳ ವರ್ಷವಾಯಿತು. ಡ್ರಮ್ಮರನ ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ, ಅದಕ್ಕೆ ಸರಿಯಾಗಿ ಮೊದಲೇ ಮುದ್ರಿಸಿಟ್ಟ ಕೋರಸ್, ಕೆಲವೊಮ್ಮೆ ಮುಖ್ಯ ಹಾಡುಗಾರನ ಎತ್ತರದ ಸುರವೂ ಅದರಿಂದಲೇ. ನಮ್ಮಲ್ಲೂ ಬಂದಿದೆ. ರಾಯಬಾಗ ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ರಸಮಂಜರಿ ಇತ್ತು, ಮಿಕ್ಸರಿನ ಮುಂದೆ ನಾನೇ ಕೂತಿದ್ದೆ. ಹಾಡುಗಾರ ಮೈಕು ಕೆಳಗಿಳಿಸಿ ಮುಂದಿನ ಸಾಲಿನವರಿಗೆ ಕೈ ಬೀಸಿದ. ಅವನ ಚಾನೆಲ್ಲಿನ ಹಸಿರು ದೀಪ ಆರಿತು. ಪಕ್ಕದ ಚಾನೆಲ್ಲಿನಲ್ಲಿ, ಲ್ಯಾಪ್‌ಟಾಪಿನ ವೈರು ಬಂದಲ್ಲಿ, ದೀಪಗಳು ಕುಣಿಯುತ್ತಲೇ ಇದ್ದವು. ಭೋಂಗಾದಲ್ಲಿ ಹಾಡು ಒಂದು ಕೂದಲೆಳೆಯೂ ಕಡಿಮೆಯಾಗದೆ ಸುರಿಯುತ್ತಿತ್ತು. ಜನ ಸಿಳ್ಳೆ ಹೊಡೆದರು. ನಾನು ಲ್ಯಾಪ್‌ಟಾಪಿನ ಫೇಡರ್ ಮೇಲೆ ಬೆರಳಿಟ್ಟು, ಇಳಿಸಿಬಿಡಲೇ ಎಂದು ಯೋಚಿಸಿದ್ದು ನಿಜ. ಬಾಡಿಗೆ ಇನ್ನೂ ಬರುವುದಿತ್ತು, ಬಿಟ್ಟೆ. ಅಷ್ಟಕ್ಕೂ ಆ ಹುಡುಗನಿಗೆ ಹಾಡಲು ಬರುತ್ತಿರಲಿಲ್ಲ ಎಂದಲ್ಲ. ಮೂಲ ಸಿನಿಮಾ ಹಾಡಿನ ಪಟ್ಟಿಯಲ್ಲೇ ಹಾಡಬೇಕು ಎಂಬ ಒತ್ತಾಯ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಎರಡು ಪಟ್ಟಿ ಇಳಿಸಿದ್ದರೆ ಅವನದೇ ದನಿಯಲ್ಲಿ ಚೆನ್ನಾಗಿ ಹಾಡುತ್ತಿದ್ದ. ಒತ್ತಾಯ ಮಾಡುವವರು ಕೇಳುಗರೇ. ಗಿಲ್ಲನ್ ಕೂಗಲಿಲ್ಲ ಎಂದು ಗೊಣಗುವವರೂ ಅವರೇ.

ಹಾಗಾಗಿ ಒಂದು ಬೇಡಿಕೆ ಇದೆ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ಇದ್ದರೆ ಹ್ಯಾಂಡ್‌ಬಿಲ್ಲಿನ ಮೇಲೆ ಕೃಷ್ಣ ಯಾರು, ಸತ್ಯಭಾಮೆ ಯಾರು, ದೂತಿ ಯಾರು, ಪೇಟಿ ಯಾರದು, ತಬಲಾ ಯಾರದು, ಯಾವ ಊರಿನವರು ಎಂದು ಬರೆದೇ ಹಂಚುತ್ತಾರೆ. ಒಬ್ಬರು ಬದಲಾದರೆ ಆಟ ಸುರುವಾಗುವ ಮೊದಲೇ ಮೈಕಿನಲ್ಲಿ ಹೇಳುತ್ತಾರೆ, ಇಲ್ಲದಿದ್ದರೆ ಜನ ಬಿಡುವುದಿಲ್ಲ. ಸಾವಿರಗಟ್ಟಲೆ ರೂಪಾಯಿಯ ಟಿಕೆಟ್ ಮಾರಲು ಮುಂಬೈಗೆ, ಬೆಂಗಳೂರಿಗೆ ಬರುವ ಹಿರಿಯ ತಂಡಗಳೂ ಇಷ್ಟನ್ನು ಮಾಡಲಿ. ಮೂಲದವರು ಎಷ್ಟು ಜನ ಇದ್ದಾರೆ, ಡ್ರಮ್ ಯಾರದು, ಹಾಡುಗಳನ್ನು ಎಷ್ಟು ಪಟ್ಟಿ ಇಳಿಸಿದ್ದಾರೆ, ಲ್ಯಾಪ್‌ಟಾಪಿನಿಂದ ಏನೇನು ಬರುತ್ತದೆ, ಹೊಸ ಹಾಡು ಎಷ್ಟು ಬಾರಿಸುತ್ತಾರೆ. ಟಿಕೆಟ್ಟಿನ ಬೆನ್ನ ಮೇಲೆ ಐದು ಸಾಲು ಸಾಕು. ಓದಿಕೊಂಡು ದುಡ್ಡು ಕೊಡುವುದೋ ಬಿಡುವುದೋ ನಾವು ನೋಡಿಕೊಳ್ಳುತ್ತೇವೆ. ಆಂಗಸ್ ಯಂಗ್ ಬರುವುದಾದರೆ ಮಾತ್ರ ನಾನು ಬೆನ್ನ ಮೇಲಿನದನ್ನು ಓದುವುದಿಲ್ಲ.